ಮಾವನ ಗಿಟಾರಿನೊಳಗಿನ ತಟ್ಟೆ

ಆಗ ದಾವಣಗೆರೆಯಲ್ಲಿ ಹೊತ್ತು ತಿಳಿಯಲು ಮನೆಯಲ್ಲಿ ಗಡಿಯಾರ ಬೇಕಿರಲಿಲ್ಲ. ಹತ್ತಿ ಗಿರಣಿಯ ಕೂಗು ಸಾಕಿತ್ತು. ನಿಮ್ಮಲ್ಲಿ ಕೆಲವರ ಕಿವಿಯಲ್ಲಿ ಅದು ಇನ್ನೂ ಇರಬಹುದು. ಮಧ್ಯಾಹ್ನದ ಕೂಗಾದ ಮೇಲೆ ಸೋದರಮಾವ ಬಸಣ್ಣ ಮನೆಗೆ ಬರುತ್ತಿದ್ದ. ತಲೆಯಲ್ಲಿ ಹತ್ತಿಯ ಎಳೆ, ಮೈಗೆ ಯಂತ್ರದ ಎಣ್ಣೆಯ ವಾಸನೆ, ಕೈಯಲ್ಲಿ ಮಂಡಕ್ಕಿ ಪೊಟ್ಟಣ. ಉಂಡು ಕೈತೊಳೆದದ್ದೇ ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಗಳ ಮೇಲೆ ಬೆರಳುದ್ದದ ಉಕ್ಕಿನ ತುಂಡನ್ನು ಜಾರಿಸುತ್ತಿದ್ದ.

ಮೊನ್ನೆ ಕೆ.ಬಿ. ಬಡಾವಣೆಯ ಮಗಳ ಮನೆಯಲ್ಲಿ ಮೊಮ್ಮಗಳು ಫೋನಿನಲ್ಲಿ ಒಂದು ಆಲ್ಬಮ್ ಹಾಕಿದಳು. ಅಮೆರಿಕದ ಯಾರೋ ದೊಡ್ಡ ವಾದಕ. ವಾದ್ಯದ ಹೆಸರು ಡೋಬ್ರೊ, ಹೊಟ್ಟೆಯೊಳಗೆ ಲೋಹದ ತಟ್ಟೆ ಕೂರಿಸಿದ ಗಿಟಾರು. ಬ್ಲೂಗ್ರಾಸ್ ಎಂಬ ಅವರ ಗುಡ್ಡಗಾಡಿನ ಹಾಡಿಗೆ ಜಾಝನ್ನೂ ನಮ್ಮ ರಾಗಗಳನ್ನೂ ಬೆರೆಸಿದ್ದಾನೆ. ಮೂರನೆಯ ಹಾಡಿನಲ್ಲಿ ಒಂದು ಸ್ವರ ಇನ್ನೊಂದರ ಕಡೆಗೆ ಜಾರಿ, ಮುಟ್ಟದೆ ನಡುವೆ ನಿಂತಿತು. ಕೂತಿರಲು ಆಗದೆ ಎದ್ದು ಹೊರಗೆ ಬಂದೆ. ಅದು ಬಸಣ್ಣ ಮಾವನ ಜಾರು.

ಮಾವನೂ ಬೆರೆಸುತ್ತಿದ್ದ. ಸೋಬಾನೆ ಪದದಿಂದ ಶುರುಮಾಡಿ, ಮದುವೆ ಬ್ಯಾಂಡಿನ ಕುಣಿತಕ್ಕೆ ಹೊರಳಿ, ಯಾರದೋ ಗ್ರಾಮಫೋನಿನಲ್ಲಿ ಕೇಳಿದ ಇಂಗ್ಲಿಷ್ ಧಾಟಿಯಲ್ಲಿ ಮುಗಿಸುತ್ತಿದ್ದ.

"ಏನಲೇ ಬಸ್ಯಾ, ಖಿಚಡಿ ಬೇಯ್ಸಾಕ್ಹತ್ತಿಯೇನು?" ಎಂದು ಓಣಿಯವರು ನಗುತ್ತಿದ್ದರು.

"ಹಸಿದೋರು ಉಣ್ರಿ, ಉಳಿದೋರು ಮನಿಗೆ ನಡೀರಿ," ಎನ್ನುತ್ತಿದ್ದ ಮಾವ.

ಗಿಟಾರಿನ ದನಿ ಸಾಲದೆಂದು ಅವನಿಗೆ ಕೊರಗು. ಒಂದು ದಿನ ಅವ್ವನ ಹತ್ತಿರ ಬಂದ. "ಅಕ್ಕಾ, ಒಂದು ಅಲ್ಯೂಮಿನಿ ತಟ್ಟೆ ಕೊಡು. ಇದರ ಹೊಟ್ಟೆಯಾಗ ಇಡ್ತೀನಿ."

"ಗಿಟಾರಿಗೆ ತಟ್ಟೆ ಇಟ್ರೆ ಉಣ್ಣೋರಿಗೆ ಏನಿಡ್ಲೋ?" ಎಂದಳು ಅವ್ವ. ಆದರೂ ಕೊಟ್ಟಳು, ನನ್ನ ತಟ್ಟೆಯನ್ನು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು ಕೆತ್ತಿಸಿದ್ದ ತಟ್ಟೆ. ಮಾವ ಅದನ್ನು ಬಡಿದು ಬಡಿದು ತೆಳ್ಳಗೆ ಮಾಡಿ, ಬಡಗಿಯಿಂದ ಮರ ಕೊರೆಸಿ ಒಳಗೆ ಕೂರಿಸಿದ. ಗಿಟಾರು ಬೀದಿ ತುದಿಯವರೆಗೆ ಕೇಳತೊಡಗಿತು. ನಾನು ಮುತ್ತುಗದ ಎಲೆಯಲ್ಲಿ ಉಂಡರೂ ಗೆಳೆಯರ ಮುಂದೆ ಬೀಗುತ್ತಿದ್ದೆ: "ಒಳಗ ಹಾಡೋದು ನನ್ನ ತಟ್ಟೆ!"

ಆ ಬೇಸಿಗೆ ಧಾರವಾಡದಿಂದ ಮಾವನಿಗೆ ಕಾಗದ ಬಂತು, ರೇಡಿಯೋದಲ್ಲಿ ನುಡಿಸುವ ಪರೀಕ್ಷೆಗೆ. ತಾಳ ಹಾಕಲು ನಾನು ಎಂದು ಮಾತಾಗಿತ್ತು. ಅಭ್ಯಾಸಕ್ಕೆ ಕೂತಾಗ ನನ್ನ ತಾಳ ಮತ್ತೆ ಮತ್ತೆ ತಪ್ಪಿತು. ಕಟ್ಟೆಯ ತುಂಬ ಜನ. ಮಾವ ನಕ್ಕು, "ನಿನ್ನ ತಟ್ಟೀಗಿರೋ ಬುದ್ಧಿ ನಿನಗಿಲ್ಲಲೇ ತಮ್ಮಾ," ಎಂದು ತಾಳವನ್ನು ಪಕ್ಕದ ಮನೆಯ ಶಿವಣ್ಣನ ಕೈಗೆ ಕೊಟ್ಟ. ಎಲ್ಲರೂ ನಕ್ಕರು. ಅವನ ಮಾತಿನಲ್ಲಿ ಕೆಡುಕಿರಲಿಲ್ಲ, ಇವತ್ತು ಗೊತ್ತು. ಅವತ್ತು ನನಗೆ ಹತ್ತು ವರ್ಷ.

ಆದರೂ ಶಿವಣ್ಣನ ಜೊತೆ ನನ್ನನ್ನೂ ರೈಲು ಹತ್ತಿಸಿಕೊಂಡ. ಗಿಟಾರು ಅವನ ತೊಡೆಯ ಮೇಲೆ, ಉಕ್ಕಿನ ತುಂಡಿದ್ದ ಕೈಚೀಲ ನನ್ನ ತೊಡೆಯ ಮೇಲೆ. ಬಾತಿ ಗುಡ್ಡ ಹಿಂದೆ ಸರಿಯಿತು, ಹರಿಹರ ನಿಲ್ದಾಣ ದಾಟಿತು. ಹೊಳೆ ಬಂದೊಡನೆ ಡಬ್ಬಿಯವರೆಲ್ಲ ಕಿಟಕಿಗೆ ಬಾಗಿ, ಕೈಮುಗಿದು ಕಾಸು ಎಸೆಯತೊಡಗಿದರು.

"ತಗಾ, ನೀನೂ ಹೊಳೆಗಂಗಮ್ಮಗೆ ಹಾಕು. ಮಾವಂದು ಪಾಸಾಗ್ಲಿ ಅನ್ನು," ಎಂದು ಮಾವ ನನ್ನ ಬಲಗೈಗೆ ಒಂದು ಕಾಸು ಕೊಟ್ಟು, ಕಣ್ಣು ಮುಚ್ಚಿ ಕೈಮುಗಿದ.

ನಾನು ಎಡಗೈಯನ್ನು ಚೀಲಕ್ಕೆ ಹಾಕಿ ಉಕ್ಕಿನ ತುಂಡನ್ನು ತೆಗೆದು ಹೊಳೆಗೆ ಎಸೆದೆ. ಕಾಸು ಬಲಗೈಯಲ್ಲೇ ಉಳಿಯಿತು.

ಧಾರವಾಡದಲ್ಲಿ ಮಾವ ಚೀಲವನ್ನು ಮೂರು ಸಲ ಕೊಡವಿದ. "ನೀನೇನರ ನೋಡಿದ್ಯೇನೋ?"

"ಇಲ್ಲ ಮಾವ."

ಕೊನೆಗೆ ಚಹದಂಗಡಿಯ ಚಮಚದಲ್ಲಿ ನುಡಿಸಿದ. ತಂತಿ ಕಿರುಚಿತು. ರೇಡಿಯೋದವರು ಎರಡು ನಿಮಿಷ ಕೇಳಿ, ಸಾಕು ಎಂದರು. ಅವನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಗ ನಾನು ಆ ಕಾಸಿಗೆ ಪೆಪ್ಪರಮಿಂಟು ಕೊಂಡು ತಿಂದೆ. ಸಿಹಿಯಾಗಿಯೇ ಇತ್ತು.

ಊರಿಗೆ ಮರಳಿದ ಮೇಲೆ, "ಗಿರಣ್ಯಾಗ ಇನ್ನೊಂದು ಮಾಡಿಸ್ಕೋ," ಎಂದಳು ಅವ್ವ.

"ಬ್ಯಾಡಕ್ಕಾ. ಅದೊಂದನ್ನು ನುಣ್ಣಗೆ ಮಾಡಾಕ ಮೂರು ವರ್ಷ ತಿಕ್ಕೀನಿ. ಅಂಥಾದ್ದನ್ನ ಕಳಕೊಂಡ ಕೈಗೆ ಗಿಟಾರು ಯಾಕ?"

ಗಿಟಾರು ಅಟ್ಟ ಸೇರಿತು. ಮಾವ ಇನ್ನೂ ಮೂವತ್ತು ವರ್ಷ ಬದುಕಿದ. ಗಿರಣಿ ಮುಚ್ಚಿತು, ಅವನು ಅಡತಿ ಅಂಗಡಿಯಲ್ಲಿ ಮೂಟೆ ಹೊಲಿದ. ಮನೆಯಲ್ಲಿ ಏನು ಕಳೆದರೂ "ನಾನೇ ಎಲ್ಲೋ ಬೀಳಿಸಿರ್ತೀನಿ" ಎನ್ನುವುದು ಅವನಿಗೆ ರೂಢಿಯಾಯಿತು. ಪ್ರತಿ ಸಲವೂ ನಾನು ಎದುರಿಗಿದ್ದೆ, ಬಾಯಿ ಬಿಡಲಿಲ್ಲ. ಮೊದಲು ಹೊಡೆತದ ಭಯ, ಆಮೇಲೆ ನಾಚಿಕೆ, ಆಮೇಲೆ ಅವನೇ ಇಲ್ಲ.

ಗಿಟಾರಿನ ಮರ ಗೆದ್ದಲು ತಿಂದು ಹೋಯಿತು. ತಟ್ಟೆ ಮಾತ್ರ ನನ್ನ ಪಾಲಿಗೆ ಬಂದಿದೆ.

ಮೊನ್ನೆ ಮೊಮ್ಮಗಳು ಹಿಂದೆಯೇ ಬಂದು, "ಯಾಕಜ್ಜಾ, ಹಾಡು ಚೆನ್ನಾಗಿಲ್ವಾ?" ಎಂದಳು.

"ಭಾಳ ಚೆನ್ನಾಗೈತೆ," ಎಂದೆ.

ಮನೆಗೆ ಬಂದು ತಟ್ಟೆಯನ್ನು ಹೊರತೆಗೆದೆ. ಮಾವನ ಸುತ್ತಿಗೆಯ ಪೆಟ್ಟಿನಿಂದ ಹೆಸರಿನ ಚುಕ್ಕಿಗಳು ಅರ್ಧ ಅಳಿಸಿವೆ, ಅರ್ಧ ಉಳಿದಿವೆ. ಬೆರಳಿನಿಂದ ತಟ್ಟಿದೆ. ಹಳೆಯ ಅಲ್ಯೂಮಿನಿಯ ಸಪ್ಪಳ ಬಂತು, ಬೇರೇನೂ ಬರಲಿಲ್ಲ.