ಮಹಡಿಯಿಂದ ಬಂದ ಬಟ್ಟಲು

ಟಕ್... ಟಕ್‌ಟಕ್... ಟಕ್. ಮಹಡಿಯ ಅಡುಗೆಮನೆಯಿಂದ ಕೆಳಗಿಳಿದು ಬರುತ್ತಿದ್ದ ಆ ಸದ್ದು. ಪಾತ್ರೆಯ ಬಾಯಿಗಿಂತ ಚಿಕ್ಕದೊಂದು ಮರದ ಮುಚ್ಚಳ, ಕುದಿಯುವ ಹಂದಿಮಾಂಸದ ಮೇಲೇ ಕೂತು ಅಲುಗಾಡುವ ಸದ್ದು.

ನನ್ನ ಮಹಡಿಯಲ್ಲಿ ಬಾಡಿಗೆಗಿದ್ದವಳು ಜಪಾನಿನವಳು. ಗಂಡ ತುಮಕೂರಿನ ಆಚೆಯ ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಹಗಲೆಲ್ಲಾ ಅವಳು ಮೇಲೆ ಒಬ್ಬಳೇ, ನಾನು ಕೆಳಗೆ ಒಬ್ಬಳೇ. ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಪಾಠ ಹೇಳಿ ರಿಟೈರ್ ಆದವಳು ನಾನು; ಮದುವೆಯಾಗಲಿಲ್ಲ. ಅವಳೂ ನನ್ನನ್ನು 'ಮಿಸ್' ಅಂತಲೇ ಕರೆಯುತ್ತಿದ್ದಳು.

ಒಂದು ದಿನ ನೀಲಿ ಬಟ್ಟಲಲ್ಲಿ ಆ ಮಾಂಸದ ನಾಲ್ಕು ತುಂಡು ತಂದುಕೊಟ್ಟಳು. ಸೋಯಾ ಸಾಸಿನ ಕಂದು ಬಣ್ಣ, ಮೇಲೆ ಗಾಜಿನಂಥ ಹೊಳಪು. ಚಮಚ ತಾಗಿಸಿದರೆ ಸಾಕು, ಬಿಟ್ಟುಕೊಳ್ಳುತ್ತಿತ್ತು. ಖಾಲಿ ಬಟ್ಟಲು ವಾಪಸ್ ಕೊಡುವುದು ನಮ್ಮಲ್ಲಿಲ್ಲವಲ್ಲ, ಅದಕ್ಕೇ ಹಟ ಹಿಡಿದೆ: ಇದನ್ನೇ ಕಲಿತು, ಇದನ್ನೇ ತುಂಬಿ ಕೊಡಬೇಕು.

ಗುಬ್ಬಿ ಬಸ್ಸು ಹತ್ತಿ ಹೋಗಿ, ಕೊಬ್ಬಿರುವ ಹೊಟ್ಟೆಯ ಭಾಗವನ್ನೇ ಕೇಳಿ ತಂದೆ. ಅಕ್ಕಪಕ್ಕ ಒಂದು ಕಡೆ ಲಿಂಗಾಯತರು, ಇನ್ನೊಂದು ಕಡೆ ಸಾಬರು. ಕಿಟಕಿ ಎಲ್ಲಾ ಹಾಕಿದೆ. ಕುಕ್ಕರಿನಲ್ಲಿ ಆರು ವಿಷಲ್ ಕೂಗಿಸಿದೆ. ಮಾಂಸ ನಾರುನಾರಾಯಿತು, ತಳ ಹೊತ್ತಿತು. ಪಕ್ಕದ ಮನೆಯಾಕೆ ಕಾಂಪೌಂಡಿನಿಂದಲೇ ಕೂಗಿದಳು.

"ಏನ್ ಮಿಸ್, ಈ ಸೆಕೇಲಿ ಕಿಟಕಿ ಹಾಕ್ಕೊಂಡಿದೀರಾ?"

"ಸೊಳ್ಳೆ ಕಣಮ್ಮಾ."

"ನಿಮ್ ಸೊಳ್ಳೆ ಶುಂಠಿ ಬೆಳ್ಳುಳ್ಳಿ ಹಾಕ್ಕೊಂಡು ಬರ್ತವಾ?"

ಜಪಾನಿನವಳು ಇಳಿದು ಬಂದು, ಕುಕ್ಕರ್ ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. "ಮಿಸ್, ಸ್ಲೋ. ವೆರಿ ಸ್ಲೋ." ಅಕ್ಕಿ ತೊಳೆದ ನೀರಲ್ಲಿ ಮೊದಲು ಬೇಯಿಸಿ, ಆರಿಸಿ, ಕಟ್ಟಿದ ಕೊಬ್ಬು ತೆಗೆದು, ಆಮೇಲೆ ಸಾಸು, ಸಕ್ಕರೆ, ಅವರ ಅಕ್ಕಿ ಮದ್ಯ ಹಾಕಬೇಕು ಅಂತ ಹೇಳಿಕೊಟ್ಟಳು. ಅದು ನನ್ನಲ್ಲೆಲ್ಲಿ? ಕ್ರಿಸ್‌ಮಸ್‌ಗೆ ಮಾಡಿದ ದ್ರಾಕ್ಷಿ ವೈನ್ ತೋರಿಸಿದೆ. ಮೂಸಿ ನೋಡಿ "ಓಕೆ" ಅಂದಳು. ಆ ಮಧ್ಯಾಹ್ನ ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಉಂಡೆವು, ಬರೀ ಮೊಸರನ್ನ. How nice it was, ಒಬ್ಬರ ಎದುರು ಕೂತು ಉಣ್ಣುವುದು!

ಗಂಡ ಹೆಂಡತಿ ಶನಿವಾರ ಜಪಾನಿಗೆ ವಾಪಸ್ ಹೊರಡುತ್ತಾರೆ ಅಂತ ಗೊತ್ತಿತ್ತು. ಶುಕ್ರವಾರ ಬೆಳಿಗ್ಗೆಯೇ ಒಲೆ ಹಚ್ಚಿದೆ, ಈ ಸಲ ನಿಧಾನವಾಗಿ. ಮರದ ಮುಚ್ಚಳವಿಲ್ಲದ್ದಕ್ಕೆ ಸ್ಟೀಲ್ ತಟ್ಟೆಯನ್ನೇ ಮಾಂಸದ ಮೇಲೆ ಮುಳುಗಿಸಿದ್ದೆ. ಅದರದು ಬೇರೆಯೇ ಸದ್ದು, ಕಿಣಿಕಿಣಿ. ಹತ್ತೂವರೆಗೆ ಗೇಟಿನ ಮುಂದೆ ಕಾರು ನಿಂತಿತು. ಫ್ಲೈಟ್ ಒಂದು ದಿನ ಮುಂಚೆ ಆಗಿಬಿಟ್ಟಿದೆಯಂತೆ.

ಬಾಗಿಲಿಗೆ ಬಂದು ನಿಂತಳು. ಫೋರ್ಕ್ ಚುಚ್ಚಿ ನೋಡಿದೆ. ಇನ್ನೂ ಗಟ್ಟಿ.

"ಒನ್ ಅವರ್," ಅಂದೆ, ಮಕ್ಕಳ ಹಾಗೆ.

ಅವಳು ಗಡಿಯಾರ ನೋಡಿದಳು, ಬಟ್ಟಲು ನೋಡಿದಳು. "ಕೀಪ್, ಮಿಸ್. ನೆಕ್ಸ್ಟ್ ಟೈಮ್." ಬಟ್ಟಲಿಗೆ ಒಂದು ಹಿಡಿ ಸಕ್ಕರೆ ಹಾಕಿಯಾದರೂ ಕೊಡಬಹುದಿತ್ತು. ಡಬ್ಬಿ ಅಲ್ಲೇ ಇತ್ತು. ನನ್ನ ಪ್ರೈಡು, ಇನ್ನೇನು? ಮಾಡಿದ್ದನ್ನೇ ಕೊಡಬೇಕು ಅಂತ.

ಅವಳು ಗೇಟು ದಾಟುವಷ್ಟರಲ್ಲಿ ನಾನು ಒಳಗೋಡಿ ಅಡುಗೆಮನೆಯ ಕಿಟಕಿ ಪೂರ್ತಿ ತೆರೆದೆ. ಅಕ್ಕಪಕ್ಕದವರು ಏನಾದರೂ ಅಂದುಕೊಳ್ಳಲಿ, ಆ ವಾಸನೆಯಾದರೂ ಅವಳ ಜೊತೆ ಹೋಗಲಿ ಅಂತ. ಕಾರಿನ ಹಿಂದಿನ ಸೀಟಿನಿಂದ ಅವಳು ಮೂಗು ಎತ್ತಿ ಒಮ್ಮೆ ಉಸಿರೆಳೆದು, ಕೂತಲ್ಲೇ ನನ್ನ ಕಿಟಕಿಯ ಕಡೆ ತಲೆ ಬಾಗಿಸಿದಳು. ತಲೆ ಎತ್ತುವಷ್ಟರಲ್ಲಿ ಕಾರು ಮೇನ್ ರೋಡಿನ ಕಡೆ ತಿರುಗಿತ್ತು.