ಮಾವ ನಿಲ್ಲಿಸಿಟ್ಟ ಮುಳ್ಳು

ಡಬ್ಬದ ಮುಚ್ಚಳ ತೆರೆದದ್ದೇ ತಡ, ನುಸಿಗುಳಿಗೆ ಮತ್ತು ಹಳೆಯ ಚರ್ಮದ ಪಟ್ಟಿಯ ವಾಸನೆ ಒಟ್ಟಾಗಿ ಮೂಗಿಗೆ ಬಂತು. ಅದರ ಅಡಿಯಲ್ಲೆಲ್ಲೋ ಸ್ವಲ್ಪ ಉಪ್ಪುಗಾಳಿಯೂ ಉಳಿದುಕೊಂಡಿದೆ ಎಂದು ನನಗನ್ನಿಸಿತು, ಬೇರೆಯವರಿಗೆ ಹಾಗೆ ಅನ್ನಿಸಲಿಕ್ಕಿಲ್ಲ. ಮಣಿಪಾಲದ ನನ್ನ ಫ್ಲ್ಯಾಟಿನಲ್ಲಿ ಕೂತಿದ್ದವಳು ನಾನು, ಒಂದು ಗಳಿಗೆ ಕಾಪುವಿನ ಮನೆಯ ಚಾವಡಿಗೆ ಹೋಗಿಬಂದೆ. ಎದುರಿಗಿದ್ದವನು ಗೆಳತಿಯ ಮಗ. ಹಳೆಯ ಕೈಗಡಿಯಾರಗಳನ್ನು ಹುಡುಕಿ ಹುಡುಕಿ ಕೂಡಿಡುವ ಹುಚ್ಚು ಅವನಿಗೆ. ಡಬ್ಬದಲ್ಲಿದ್ದುದನ್ನು ಅವನು ಬಟ್ಟೆಯ ಮೇಲಿಟ್ಟು, ಭೂತಗನ್ನಡಿ ಹಿಡಿದು, ಹಿಂಬದಿಯಲ್ಲಿ ಕೊರೆದಿದ್ದ ಅಂಕೆಯನ್ನು ನೋಡಿದ. ಅರುವತ್ತರಲ್ಲಿ ಹದಿನೇಳನೆಯದು. ಯಾವುದೋ ಕಾರು ಪಂದ್ಯಕ್ಕೆಂದೇ ಮಾಡಿಸಿದ ಅರುವತ್ತು ಗಡಿಯಾರಗಳಲ್ಲಿ ಒಂದು. "ಆಂಟಿ, ಇದನ್ನು ನಾನು ಆರು ವರ್ಷದಿಂದ ಹುಡುಕುವುದು. ಇಲ್ಲಿ, ನಿಮ್ಮ ಕಪಾಟಿನಲ್ಲಿ ಉಂಟಲ್ಲ!" ಎಂದ. ಗಡಿಯಾರ ನಿಂತು ಬಹಳ ಕಾಲವಾಗಿದೆ, ಬಿಚ್ಚಿ ಎಣ್ಣೆ ಹಾಕಿದರೆ ಓಡೀತು, ಆದರೆ ಮೊದಲು ಗುಂಡಿಗಳು ಕೆಲಸ ಮಾಡುತ್ತವೋ ನೋಡಬೇಕು ಎನ್ನುತ್ತ ಕೆಳಗಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟ. ನಾನು ಅವನ ಕೈಯನ್ನೇ ಹಿಡಿದುಬಿಟ್ಟೆ. ಪಾಪ, ಹೆದರಿದ ಅವನು. ಕಾರಣ ಹೇಳಲು ಹೊರಟರೆ ನಲವತ್ತೈದು ವರ್ಷ ಹಿಂದಕ್ಕೆ ಹೋಗಬೇಕಿತ್ತು, ಅವನಿಗೆ ಅಷ್ಟು ಹೊತ್ತು ಇರಲಿಲ್ಲ. ನಿಮಗೆ ಇದ್ದರೆ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ಅಪ್ಪ ಅಮ್ಮ ಬೊಂಬಾಯಿಯಲ್ಲಿದ್ದರು, ನಾನು ಕಾಪುವಿನಲ್ಲಿ ಅಮ್ಮನ ತವರಿನಲ್ಲಿ ಬೆಳೆಯುತ್ತಿದ್ದೆ. ಮನೆಯಲ್ಲಿ ನಾವು ಮೂವರು ಹೆಂಗಸರು, ನನ್ನನ್ನೂ ಹೆಂಗಸೆಂದು ಲೆಕ್ಕ ಹಿಡಿದರೆ: ಅಜ್ಜಿ, ಜಲಜ ಚಿಕ್ಕಮ್ಮ, ನಾನು. ಚಿಕ್ಕಮ್ಮನ ಅಣ್ಣ ಶೇಖರ ಮಾವ ಗಲ್ಫಿನಲ್ಲಿ ಮೆಕ್ಯಾನಿಕ್ ಆಗಿದ್ದ, ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ. ಮನೆಯ ಮಾತೆಲ್ಲ ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ದನಿ ಸ್ವಲ್ಪ ಬೇರೆಯಾಗಿ ಕೇಳುತ್ತದೆ, ಅಜ್ಜಿ ಕ್ಷಮಿಸಲಿ. ಮಾವ ಬಂದ ದಿನ ಮನೆಗೆ ಸಾಬೂನಿನ ಪರಿಮಳ ಬರುತ್ತಿತ್ತು, ರೇಡಿಯೊ ಬರುತ್ತಿತ್ತು, ಬಂಗುಡೆ ಸಾರು ಎರಡು ಹೊತ್ತೂ ಆಗುತ್ತಿತ್ತು. ಒಂದು ಸಲ ಈ ಗಡಿಯಾರವೂ ಬಂತು. ಅಲ್ಲಿ ಕಾರು ಓಡಿಸುವ ಹುಚ್ಚಿದ್ದ ಒಬ್ಬ ಬಿಳಿಯ ದೊರೆಯ ಗಾಡಿಯನ್ನು ಮಾವ ತನ್ನ ವಾರದ ರಜೆಗಳಲ್ಲೆಲ್ಲ ರಿಪೇರಿ ಮಾಡಿಕೊಟ್ಟಿದ್ದನಂತೆ. ಆ ದೊರೆ ತನ್ನ ದೇಶಕ್ಕೆ ಹೋಗುವಾಗ ಕೈಯಿಂದ ಕಳಚಿ ಇವನ ಕೈಗೆ ಕಟ್ಟಿ ಹೋದನಂತೆ. "ಇಡೀ ಲೋಕದಲ್ಲಿ ಅರುವತ್ತೇ ಉಂಟು ಅಮ್ಮಾ, ಅದರಲ್ಲಿ ಒಂದು ನಮ್ಮ ಕಾಪುವಿನಲ್ಲಿ" ಎಂದು ಮಾವ ಬೀಗಿದರೆ, ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಒಂದು ಗಡಿಯಾರದ ಹೊಟ್ಟೆಯಲ್ಲಿ ಮತ್ತೆ ಎರಡು ಸಣ್ಣದು ಉಂಟಲ್ಲ ಮಾರಾಯ, ಇದರಲ್ಲಿ ಊಟದ ಹೊತ್ತು ತೋರಿಸುವುದು ಯಾವುದು?" ಎಂದು ಕೇಳಿದರು. ಮಾವ ಊಟಕ್ಕೆ ಎದ್ದ.

ಆ ಗಡಿಯಾರದ ಕೆಲಸ ಓಟದ ಹೊತ್ತನ್ನು ಅಳೆಯುವುದು. ಬದಿಯಲ್ಲಿ ಎರಡು ಗುಂಡಿ. ಮೇಲಿನದನ್ನು ಒತ್ತಿದರೆ ಉದ್ದದ ಕೆಂಪು ಮುಳ್ಳು ಓಡುತ್ತದೆ, ಮತ್ತೊಮ್ಮೆ ಒತ್ತಿದರೆ ಅಲ್ಲೇ ನಿಲ್ಲುತ್ತದೆ. ಅದರ ಒಂದು ಸುತ್ತೆಂದರೆ ಒಂದು ನಿಮಿಷ, ಸುತ್ತುಗಳ ಲೆಕ್ಕ ಒಳಗಿನ ಸಣ್ಣ ವೃತ್ತದಲ್ಲಿ. ಕೆಳಗಿನದನ್ನು ಒತ್ತಿದರೆ ಎಲ್ಲಿದ್ದರೂ ಒಂದೇ ಏಟಿಗೆ ಸೊನ್ನೆಗೆ ಹಾರಿ ಬರುತ್ತದೆ. ನಮ್ಮ ಮನೆಯಲ್ಲಿ ಓಡುವವಳೂ ಒಬ್ಬಳಿದ್ದಳು. ಚಿಕ್ಕಮ್ಮ ಕಾರ್ಕಳದಲ್ಲಿ ಕಾಲೇಜು ಓದುವಾಗ ಓಟದಲ್ಲಿ ಕಪ್ಪುಗಳನ್ನು ಗೆದ್ದವಳು. ಆಮೇಲೆ ಊರಿನ ಶಾಲೆಯಲ್ಲಿ ಟೀಚರಾಗಿ, ಸೀರೆಯುಟ್ಟು ಛತ್ರಿ ಹಿಡಿದು ತಗ್ಗಿದ ತಲೆಯಲ್ಲಿ ನಡೆಯುವವಳಾದಳು. ಕಪ್ಪುಗಳಲ್ಲಿ ಒಂದರೊಳಗೆ ಅಜ್ಜಿ ಸುಣ್ಣ ಇಟ್ಟುಕೊಂಡಿದ್ದರು. ಇದನ್ನು ನೋಡಿ ಮಾವನಿಗೆ ಸಹಿಸಲಾಗಲಿಲ್ಲ. ಪ್ರತಿ ರಜೆಯಲ್ಲೂ ಒಂದು ಬೆಳಿಗ್ಗೆ, ಮೀನುಗಾರರು ಕಡಲಿಗಿಳಿದು ದಂಡೆ ಖಾಲಿಯಾದ ಹೊತ್ತು ನೋಡಿ, ತಂಗಿಯನ್ನು ಓಡಿಸುವ ಪದ್ಧತಿ ಶುರುವಾಯಿತು. ದೀಪಸ್ತಂಭದ ಬಂಡೆಯಿಂದ ಹೊರಟು ದೋಣಿಗಳನ್ನು ಎಳೆದಿಡುವ ಜಾಗದವರೆಗೆ. ಚಿಕ್ಕಮ್ಮ ಅಣ್ಣನ ಪೈಜಾಮ ಹಾಕಿಕೊಂಡು ನಾಚಿಕೆಯಿಂದ ಕೆಂಪಾಗಿರುತ್ತಿದ್ದಳು. ಹೊರಡುವ ಕಡೆ ಅಜ್ಜಿ ಮೈ ಒರೆಸುವ ಕೆಂಪು ಬೈರಾಸು ಎತ್ತಿ ಹಿಡಿದು ನಿಲ್ಲುವುದು ನನ್ನ ಕೆಲಸ. ನಾನು ಬೈರಾಸು ಕೆಳಗೆ ಬೀಸಿದೊಡನೆ ಆ ತುದಿಯಲ್ಲಿ ಮಾವ ಗುಂಡಿ ಒತ್ತುತ್ತಿದ್ದ. ಒದ್ದೆ ಮರಳಿನಲ್ಲಿ ಅವಳ ಪಾದ ಬೀಳುವ ಸದ್ದು ನನ್ನಿಂದ ದೂರ ದೂರ ಹೋಗುತ್ತಿತ್ತು. ಶಾಲೆಯ ಟೀಚರ್ ಎಲ್ಲೋ ಉದುರಿಹೋಗಿ ಬರೀ ಓಟ ಮಾತ್ರ ಉಳಿಯುತ್ತಿತ್ತು. ಅಷ್ಟು ಚಂದದ್ದನ್ನು ನಾನು ಬದುಕಿನಲ್ಲಿ ಹೆಚ್ಚು ನೋಡಿಲ್ಲ.

ಓಟ ಮುಗಿದ ಮೇಲೆ ಮಾವ ಮುಳ್ಳನ್ನು ಸೊನ್ನೆಗೆ ತರುತ್ತಿರಲಿಲ್ಲ. ನಿಂತಲ್ಲೇ ಬಿಟ್ಟು, ಗಡಿಯಾರವನ್ನು ತಂಗಿಯ ಕೈಗೆ ಕೊಟ್ಟು ಹೋಗುತ್ತಿದ್ದ. "ದಿನಾ ಕೀ ಕೊಡು. ಕೆಳಗಿನ ಗುಂಡಿ ಮಾತ್ರ ಯಾರೂ ಮುಟ್ಟಬಾರದು. ಅದನ್ನು ನಾನು ಬಂದ ಮೇಲೆ ನಾನೇ ಒತ್ತುವುದು. ಮತ್ತೆ ಇದಕ್ಕಿಂತ ಬೇಗ ನೀನು ಓಡಬೇಕು." ಎರಡು ವರ್ಷ ಆ ಮುಳ್ಳು ಕಪಾಟಿನೊಳಗೆ ಹಾಗೇ ಅವನನ್ನು ಕಾಯುತ್ತಿತ್ತು. ಅವನು ಬಂದವನೇ ಚೀಲ ಕೆಳಗಿಡುವ ಮೊದಲೇ ಗಡಿಯಾರ ಕೇಳಿ, ನಮ್ಮೆಲ್ಲರ ಎದುರು ಕೆಳಗಿನ ಗುಂಡಿ ಒತ್ತುತ್ತಿದ್ದ. ಟಿಕ್ ಎಂದು ಸದ್ದಾದರೆ ಮಾವ ಮನೆಗೆ ಬಂದ ಹಾಗೆ. ಕೊನೆಯ ಸಲದ ಓಟದಲ್ಲಿ ಎಷ್ಟು ಹೊತ್ತಾಯಿತೆಂದು ನನಗೆ ಗೊತ್ತಾಗಲಿಲ್ಲ. ನಾನು ಬೈರಾಸು ಹಿಡಿದು ಆ ತುದಿ ಮುಟ್ಟುವಾಗ ಅಣ್ಣ ತಂಗಿ ಹೇಳಿಕೊಂಡು ನಕ್ಕು ಮುಗಿಸಿದ್ದರು. ಕೇಳಿದರೆ ಚಿಕ್ಕಮ್ಮ, "ಮುಳ್ಳು ಅಲ್ಲೇ ಉಂಟಲ್ಲ, ನೋಡು" ಎಂದಳು. ನೋಡಿದೆ. ಸಣ್ಣ ವೃತ್ತದಲ್ಲಿ ಎರಡು ದಾಟಿತ್ತು, ಕೆಂಪು ಮುಳ್ಳು ಎಂಟರ ಹತ್ತಿರವಿತ್ತು. ಒಂಬತ್ತು ವರ್ಷದವಳಿಗೆ ಅಷ್ಟು ಸಾಕಾಯಿತು.

ಮಾವ ಮತ್ತೆ ಬರಲಿಲ್ಲ. ಕೆಲಸದ ಜಾಗದಲ್ಲಿ ಗಾಡಿ ಮಗುಚಿ ತೀರಿಕೊಂಡನೆಂದು ತಂತಿ ಬಂತು. ದೇಹ ಬರಲಿಲ್ಲ, ತಿಂಗಳುಗಳ ಮೇಲೆ ಅವನ ಟ್ರಂಕು ಬಂತು. ಅಜ್ಜಿ ಸುಣ್ಣವಿದ್ದ ಕಪ್ಪನ್ನು ತೊಳೆದು, ಒರೆಸಿ, ಗೋಡೆಯ ಗೂಡಿನಲ್ಲಿಟ್ಟರು. ಚಿಕ್ಕಮ್ಮ ಎಂದಿನಂತೆ ಬೆಳಿಗ್ಗೆ ಉಡುಪಿಯ ಮೊದಲ ಬಸ್ಸು ಹಾರ್ನ್ ಹಾಕುವಾಗ ಕಪಾಟು ತೆರೆದು, ಗಡಿಯಾರಕ್ಕೆ ಕೀ ಕೊಟ್ಟು, ಆ ನಿಂತ ಮುಳ್ಳನ್ನು ಒಮ್ಮೆ ನೋಡಿ ಮುಚ್ಚುತ್ತಿದ್ದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ, ಓಡಿದ್ದನ್ನೂ ಮತ್ತೆ ನೋಡಲಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಮಾವ ಸತ್ತನೆಂದು ನಾನು ಒಪ್ಪಿರಲಿಲ್ಲ. ನೋಡದೆ ಹೇಗೆ ಒಪ್ಪುವುದು? ಹೊಟ್ಟೆನೋವೆಂದು ನಾನು ಶಾಲೆ ತಪ್ಪಿಸಿದ್ದ ಒಂದು ಮಧ್ಯಾಹ್ನ ಅಜ್ಜಿ ಒಳಗೆ ಮಲಗಿದ್ದಾಗ, ಚಿಕ್ಕಮ್ಮ ಶಾಲೆಗೆ ಹೋಗಿದ್ದಾಳೆಂದು ನಂಬಿ, ಕಪಾಟು ತೆರೆದು ಗಡಿಯಾರ ತೆಗೆದೆ. ನನ್ನ ತಲೆಯಲ್ಲಿ ಒಂದು ತರ್ಕ ಹುಟ್ಟಿತ್ತು. ಮಾವ ಬಂದಾಗಲೆಲ್ಲ ಕೆಳಗಿನ ಗುಂಡಿ ಒತ್ತುತ್ತಾನೆ. ಹಾಗಾದರೆ ಕೆಳಗಿನ ಗುಂಡಿ ಒತ್ತಿದರೆ ಮಾವ ಬರಬೇಕಲ್ಲ. ಕಣ್ಣು ಮುಚ್ಚಿ ಒತ್ತಿದೆ. ಟಿಕ್ ಎಂದಿತು, ಅದೇ ಸದ್ದು. ಅಂಗಳದ ಕಡೆ ನೋಡಿದೆ. ಅಂಗಳಕ್ಕೆ ದಾಟಿ ಬರುವ ದಣಪೆಯಲ್ಲಿ ಯಾರೂ ಇರಲಿಲ್ಲ, ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ಮತ್ತೆ ಕೈಯಲ್ಲಿದ್ದುದನ್ನು ನೋಡಿದರೆ ಕೆಂಪು ಮುಳ್ಳು ಸೊನ್ನೆಯ ಮೇಲೆ ನೆಟ್ಟಗೆ ನಿಂತಿತ್ತು.

ಆಗ ನನಗೆ ಎರಡು ಸಂಗತಿ ಒಟ್ಟಿಗೆ ತಿಳಿದವು. ಮಾವ ಬರುವುದಿಲ್ಲ. ಅವನ ಬೆರಳು ಈ ಮನೆಯಲ್ಲಿ ಮಾಡಿಟ್ಟುಹೋದ ಕೊನೆಯ ಕೆಲಸವನ್ನು ನಾನು ಅಳಿಸಿಬಿಟ್ಟೆ. ಮುಳ್ಳನ್ನು ಮತ್ತೆ ಹಳೆಯ ಜಾಗಕ್ಕೆ ತರಬೇಕೆಂದು ಮೇಲಿನ ಗುಂಡಿ ಒತ್ತಿ ನೆಲದಲ್ಲಿ ಕೂತೆ. ಮುಳ್ಳು ಹೊರಟಿತು. ಒಂದು ಸುತ್ತು ಇಷ್ಟು ಉದ್ದವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ತೆಗೆಯದೆ ನೋಡುತ್ತಿದ್ದಂತೆ, ಮುಳ್ಳಿನ ಜೊತೆಗೆ ಚಿಕ್ಕಮ್ಮನೂ ಒದ್ದೆ ಮರಳಿನಲ್ಲಿ ಓಡತೊಡಗಿದಳು. ಮೊದಲ ಸುತ್ತಿಗೆ ಬಂಡೆಯಿಂದ ಹೊರಟು ಬಲೆ ಒಣಹಾಕುವ ಕಂಬಗಳನ್ನು ದಾಟಿದಳು, ಎರಡನೆಯದಕ್ಕೆ ಸಣ್ಣಗಾದಳು, ಮೂರನೆಯದರಲ್ಲಿ ದೋಣಿಗಳು ಹತ್ತಿರವಾದವು. ಎಂಟರ ಆಚೆಗೋ ಈಚೆಗೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಎಂಟು ಮುಟ್ಟುವ ಮೊದಲೇ ಹೆದರಿ ಒತ್ತಿ ನಿಲ್ಲಿಸಿಬಿಟ್ಟೆ. ಮರುದಿನ ಬೆಳಿಗ್ಗೆ ಚಿಕ್ಕಮ್ಮ ಕೀ ಕೊಡುವುದನ್ನು ಚಾಪೆಯಿಂದಲೇ ಅರೆಗಣ್ಣು ತೆರೆದು ನೋಡಿದೆ. ಅವಳು ಗಡಿಯಾರವನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಳು, ಮತ್ತೆ ಕಪಾಟು ಮುಚ್ಚಿ ದೋಸೆ ಹುಯ್ಯಲು ಹೋದಳು. ಬಚಾವಾದೆ ಎಂದುಕೊಂಡೆ.

ಬಚಾವಾದ ಆ ಸಮಾಧಾನ ಒಂದು ವಾರವೂ ಬಾಳಲಿಲ್ಲ. ಮುಂದೆ ಚಿಕ್ಕಮ್ಮ ಮದುವೆಯಾಗಿ ಕಾರ್ಕಳಕ್ಕೆ ಹೋದಳು, ಗಡಿಯಾರವೂ ಹೋಯಿತು. ನಾನು ಬೊಂಬಾಯಿಗೆ ಹೋದೆ. ಅಜ್ಜಿ ತೀರಿಕೊಂಡರು. ಹೆದ್ದಾರಿ ಅಗಲವಾದಾಗ ಮನೆಯೂ ಹೋಯಿತು, ಚಾವಡಿ ಇದ್ದಲ್ಲಿ ಈಗ ಬಸ್ಸುಗಳು ಎಡಕ್ಕೆ ತಿರುಗುತ್ತವೆ. ಇಷ್ಟೆಲ್ಲ ಹೋದರೂ ನಾನು ಒತ್ತಿದ ಆ ಗುಂಡಿ ಎದೆಯಲ್ಲಿ ಹಾಗೇ ಇತ್ತು. ಚಿಕ್ಕಮ್ಮ ಪ್ರತಿದಿನ ಒಂದು ಸುಳ್ಳನ್ನು ನೋಡಿ ಅಣ್ಣನನ್ನು ನೆನೆಯುತ್ತಿದ್ದಾಳೆ, ಆ ಸುಳ್ಳು ನನ್ನದು ಎಂದು ಕೊರಗುತ್ತಿದ್ದೆ. ಒಂದು ದಿನ ಗಡಿಯಾರವೂ ನಿಂತಿತಂತೆ. ರಿಪೇರಿಯವನು ಮುಳ್ಳುಗಳನ್ನು ಕಳಚಬೇಕಾಗುತ್ತದೆ ಎಂದದ್ದಕ್ಕೆ ಅವಳು ಬೇಡವೆಂದು ವಾಪಸು ತಂದಳಂತೆ. ಅದನ್ನು ಕೇಳಿದ ಮೇಲಂತೂ ಅವಳ ಮುಖ ನೋಡುವುದೇ ಕಷ್ಟವಾಯಿತು.

ಎರಡು ವರ್ಷದ ಹಿಂದೆ ಕಾರ್ಕಳಕ್ಕೆ ಹೋದಾಗ ಚಿಕ್ಕಮ್ಮ ಕೋಲು ಹಿಡಿದು ನಡೆಯುತ್ತಿದ್ದಳು. ಓಡಿದ ಆ ಮೊಣಕಾಲುಗಳೇ ಕೈಕೊಟ್ಟಿದ್ದವು. ಡಬ್ಬ ತಂದು ನನ್ನ ಮಡಿಲಲ್ಲಿಟ್ಟು, "ಇನ್ನು ಇದು ನಿನ್ನಲ್ಲಿರಲಿ" ಎಂದಳು. ನನಗೆ ತಡೆಯಲಾಗಲಿಲ್ಲ. ಐವತ್ತು ದಾಟಿದವಳು ಹತ್ತು ವರ್ಷದವಳ ಹಾಗೆ ಅಳುತ್ತ ಎಲ್ಲವನ್ನೂ ಹೇಳಿದೆ. ಅವಳು ಕೇಳಿ ಮುಗಿಸಿ, ಸೆರಗಿನಲ್ಲಿ ನನ್ನ ಮುಖ ಒರೆಸಿ ನಕ್ಕಳು.

"ಎರಡು ನಿಮಿಷ ನಲವತ್ತೊಂದು ಸೆಕೆಂಡು. ನೀನು ನಿಲ್ಲಿಸಿದ್ದು ಮೂವತ್ತೇಳಕ್ಕೆ. ನನ್ನನ್ನು ನಾಲ್ಕು ಸೆಕೆಂಡು ಬೇಗ ಓಡಿಸಿದೆಯಲ್ಲ ಮಾರಾಯ್ತಿ!"

"ನಿನಗೆ ಗೊತ್ತಿತ್ತಾ?"

"ಆ ದಿನ ಶಾಲೆಗೆ ಮಧ್ಯಾಹ್ನದ ಮೇಲೆ ರಜೆ. ನಿನ್ನ ಹಿಂದೆ ಬಾಗಿಲಲ್ಲೇ ನಿಂತಿದ್ದೆ."

ಹಾಗಾದರೆ ಯಾಕೆ ಬೈಯಲಿಲ್ಲ, ಮುಳ್ಳನ್ನು ಯಾಕೆ ಸರಿಮಾಡಲಿಲ್ಲ ಎಂದು ಕೇಳಿದೆ.

"ಅವನು ಹೋದ ಮೇಲೆ ನನ್ನ ಓಟವನ್ನು ಅಷ್ಟು ಹೊತ್ತು ಕಣ್ಣು ತೆಗೆಯದೆ ಕಾದು ಕೂತವಳು ನೀನೊಬ್ಬಳೇ. ಅದನ್ನು ಹೇಗೆ ಅಳಿಸುವುದು?"

ಕಳೆದ ಮಳೆಗಾಲದಲ್ಲಿ ಚಿಕ್ಕಮ್ಮನೂ ಹೋದಳು. ಗೆಳತಿಯ ಮಗ ಇನ್ನೂ ಫೋನು ಮಾಡುತ್ತಾನೆ. ಆ ಗುಂಡಿಯನ್ನು ಒಮ್ಮೆ ಒತ್ತಿ ನೋಡಿದರೆ ಎಂತ ಆಗ್ತದೆ ಆಂಟಿ, ಎಂದು ಕೇಳುತ್ತಾನೆ. ಅದನ್ನು ಒತ್ತಬೇಕಾದವನು ಇನ್ನೂ ಬಂದಿಲ್ಲ ಮಗಾ, ಎನ್ನುತ್ತೇನೆ.