ಆಯಾ ಕೇಳಿದ ಮಡಕೆ

ಕೈ ತೊಳೆಯುವ ವಿಚಾರವಾಗಿ ಯಾರಾದರೂ ಉಪದೇಶ ಶುರು ಮಾಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಉಪದೇಶವನ್ನು ನಾನೇ ಮಾಡಿದವನು.

ಬ್ರಿಟಿಷರ ಕಾಲ. ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ನಾನು ಕಾಂಪೌಂಡರ್. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ನಾನು, ಮತ್ತೆ ರೋಗಿಗಳ ಹೇಲು-ವಾಂತಿ ಬಳಿಯಲು, ಬಟ್ಟೆ ಒಗೆಯಲು ಆಳುಗಳು ವಾಸವಿದ್ದ ಲೈನುಮನೆಗಳಿಂದ ಬರುತ್ತಿದ್ದ ಒಬ್ಬ ಹೆಂಗಸು. ಅವಳನ್ನು ಆಯಾ ಎಂದೇ ಕರೆಯುತ್ತಿದ್ದೆವು.

ಆ ವರ್ಷ ಲೈನಿಗೆ ವಾಂತಿಭೇದಿ ಹೊಕ್ಕಿತು. ರೋಗಿಗಳನ್ನು ಹಿತ್ತಲಿನ ಶೆಡ್ಡಿನಲ್ಲಿ ಮಲಗಿಸಿದೆವು. ಡಾಕ್ಟರು ಇಂಗ್ಲಿಷಿನಲ್ಲಿ ಅಚ್ಚಾದ ಕಾಗದವೊಂದನ್ನು ಗೋಡೆಗೆ ಅಂಟಿಸಿ ಹೋದರು. ರೋಗಿಯನ್ನು ಮುಟ್ಟಿದವರು ಪ್ರತಿ ಸಲವೂ ಸೋಪು ಹಚ್ಚಿ ಕೈ ತೊಳೆದು, ಕ್ರಿಮಿ ಸಾಯಿಸುವ ಕಾರ್ಬಾಲಿಕ್ ನೀರಿನಲ್ಲಿ ಅದ್ದಬೇಕು, ತೊಳೆಯದ ಕೈಯಲ್ಲಿ ಊಟ ಮಾಡಕೂಡದು. ನಾನು ಅದನ್ನು ಆಯಾಳಿಗೆ ಕನ್ನಡದಲ್ಲಿ, ದೊಡ್ಡ ಗತ್ತಿನಿಂದ ಹೇಳಿದೆ.

ಹೇಳಿದೆ, ಸರಿ. ಆದರೆ ಬಿಸಿನೀರಿನ ಹಂಡೆ ಒಳಗೆ, ಸೋಪು ಒಳಗೆ, ಬೇಸಿನ್ನು ಒಳಗೆ. ಅವಳ ಜಾತಿಯವರು ಹೊಸ್ತಿಲು ದಾಟುವಂತಿರಲಿಲ್ಲ, ಹಂಡೆ ಮುಟ್ಟುವಂತಿರಲಿಲ್ಲ. ನಾನು ಜಗಲಿಯ ಮೇಲೆ ನಿಂತು ಚೊಂಬಿನಿಂದ ನೀರು ಹೊಯ್ಯಬೇಕು, ಅವಳು ಕೆಳಗೆ ಕೈಯೊಡ್ಡಬೇಕು. ದಿನಕ್ಕೆ ಒಂದೆರಡು ಸಲವಾದರೆ ಹೇಗೋ ನಡೆಯುತ್ತಿತ್ತು. ವಾಂತಿಭೇದಿಯಲ್ಲಿ ಗಳಿಗೆಗೊಂದು ಸಲ.

"ಅಯ್ಯಾ, ಒಂಚೂರು ನೀರು ಹಾಕ್ರಯ್ಯಾ."

"ತಡಿ ಮಾರಾಯ್ತಿ, ಔಷಧಿ ಕಲಸ್ತಾ ಇರೋದು ಕಾಣಲ್ವಾ?"

ಕಾಯುತ್ತಿದ್ದಳು. ಶೆಡ್ಡಿನಲ್ಲಿ ಯಾರಾದರೂ ನರಳಿದರೆ ಸೆರಗಿಗೆ ಕೈ ಒರೆಸಿಕೊಂಡು ಓಡುತ್ತಿದ್ದಳು. ನಾನು ನೋಡುತ್ತಿದ್ದೆ.

ಒಂದು ದಿನ ಅವಳೇ ಅಂದಳು: "ಒಂದು ಹಳೇ ಮಡಕೇಲಿ ಆ ಔಷಧಿ ನೀರು ಹೊರಗೆ ಇಟ್ಬಿಡ್ರಯ್ಯಾ, ನಾನೇ ತೊಳ್ಕೋತೀನಿ. ನಿಮ್ಗೂ ತಾಪತ್ರಯ ಇಲ್ಲ."

ಕಾಗದ ಅಚ್ಚು ಹಾಕಿದವರಿಗೂ ಹೊಳೆಯದ ಮಾತು! ಕಾರ್ಬಾಲಿಕ್ ಸೀಸೆಯ ಉಸ್ತುವಾರಿ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರದ್ದು. ಅವರನ್ನು ಕೇಳಿದೆ.

"ಇವತ್ತು ಮಡಕೆ ಅಂತಾಳೆ, ನಾಳೆ ಒಳಗೇ ಬರ್ತಾಳೆ. ಹೊಯ್ಯೋಕೆ ನೀವಿದೀರಲ್ಲ ಮಾರಾಯ್ರೆ," ಎಂದು ರೈಟರು ಮುಖ ತಿರುಗಿಸಿದರು.

ಒಂದು ಮಡಕೆ! ಸಂತೆಯಿಂದ ನಾನೇ ತಂದಿಡಬಹುದಿತ್ತು. ರೈಟರು ಏನಂದಾರೋ ಎಂದು ಬಾಯಿ ಮುಚ್ಚಿಕೊಂಡೆ. ನನ್ನ ಹೇಡಿತನಕ್ಕಿಷ್ಟು ಬೆಂಕಿ ಹಾಕ.

ಮೂರು ದಿನ ಕಳೆದ ಮೇಲೆ, ಮಧ್ಯಾಹ್ನ, ಅವಳು ಶೆಡ್ಡಿನ ಹಿಂದೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಕೈ ತೊಳೆದೆಯಾ ಎಂದು ಗದರಿದೆ.

"ಎಷ್ಟೊತ್ತು ಕರೆದೆ ಅಯ್ಯಾ. ನಿಮ್ಗೆ ನಿದ್ದೆ ಹತ್ತಿತ್ತು."

ಮಾರನೆಯ ಬೆಳಗ್ಗೆ ಅವಳನ್ನೇ ಶೆಡ್ಡಿಗೆ ಹೊತ್ತು ತಂದರು. ಸಂಜೆಯೊಳಗೆ ತೀರಿಕೊಂಡಳು.

ಆ ವಾರ ಡಾಕ್ಟರು ಬಂದಾಗ ರೈಟರೂ ಜೊತೆಗಿದ್ದರು. "ಕೈ ತೊಳೆಯೋಕೆ ಅವಳಿಗೆ ಹೇಳಿದ್ರಾ?" ಎಂದು ಡಾಕ್ಟರು ನನ್ನನ್ನು ಕೇಳಿದರು.

"ಹೇಳಿದ್ದೆ ಸಾರ್."

"ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ," ಎಂದರು ಡಾಕ್ಟರು. ರೈಟರು ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ.